ಕೇಳದೆ ಉಳಿದ ಪ್ರಶ್ನೆಗಳು: ಅಧ್ಯಕ್ಷ ರೂಸ್‌ವೆಲ್ಟರ ಜೀವನದಿಂದ ಒಂದು ಆರೋಗ್ಯ ಪಾಠ

ಮಹಾಪುರುಷರ ಚರಿತ್ರೆಗಳನ್ನು ಅವರು ಸಾಧಿಸಿದ ಕಾರ್ಯಗಳಿಗಾಗಿ ಓದುವುದು ವಾಡಿಕೆ. ಅಮೇರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ಡೆಲಾನೊ ರೂಸ್‌ವೆಲ್ಟರ ಚರಿತ್ರೆಯನ್ನಾದರೋ ಅವರ ಮರಣಕ್ಕಾಗಿಯೂ ಓದತಕ್ಕದ್ದೆಂದು ನಮ್ಮ ಅಭಿಪ್ರಾಯ. ಕಣ್ಣಿಗೆ ಕಾಣುವ ರೋಗವೊಂದನ್ನು ಅಪಾರ ಧೈರ್ಯದಿಂದ ಎದುರಿಸಿದ ಈ ಮಹನೀಯರು ಕಣ್ಣಿಗೆ ಕಾಣದ ಇನ್ನೊಂದು ರೋಗಕ್ಕೆ ತುತ್ತಾದರು. ಆ ಕಾಣದ ರೋಗವು ಇಂದು ನಮ್ಮ ವಾಚಕರಲ್ಲಿ ಅನೇಕರ ಮೈಯಲ್ಲಿಯೂ ಮನೆಮಾಡಿಕೊಂಡಿರಬಹುದು.

ರೂಸ್‌ವೆಲ್ಟರು 1882ನೆಯ ಇಸವಿ ಜನವರಿ 30ರಂದು ನ್ಯೂಯಾರ್ಕ್ ಸಂಸ್ಥಾನದ ಹೈಡ್ ಪಾರ್ಕಿನ ಶ್ರೀಮಂತ ಮನೆತನದಲ್ಲಿ ಜನಿಸಿದರು. ತಂದೆ ಜೇಮ್ಸ್ ರೂಸ್‌ವೆಲ್ಟರು ಹೃದ್ರೋಗಿಗಳಾಗಿದ್ದು 1900ರಲ್ಲಿ ತೀರಿಕೊಂಡರು. ಮಗನು ಆಗ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. 1905ರಲ್ಲಿ ಎಲೀನರ್ ಎಂಬ ದೂರದ ಬಂಧುವಿನೊಡನೆ ವಿವಾಹ. 1910ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಶಾಸನ ಸಭೆಗೆ ಆಯ್ಕೆ. 1913ರಲ್ಲಿ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯ ಪದವಿ. ಹೀಗೆ ಅವರು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಹೋದರು.

1921ನೆಯ ಆಗಸ್ಟ್ ತಿಂಗಳಿನಲ್ಲಿ, ತಮ್ಮ 39ನೆಯ ವಯಸ್ಸಿನಲ್ಲಿ, ಕೆನಡದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿ ಅವರು ಜ್ವರದಿಂದ ಮಲಗಿದರು. ಕೆಲವೇ ದಿನಗಳಲ್ಲಿ ಎರಡು ಕಾಲುಗಳೂ ಸತ್ತ್ವಗುಂದಿದವು. ವೈದ್ಯರು ಪೋಲಿಯೋ ಎಂದು ನಿರ್ಣಯಿಸಿದರು. ಬೇರೊಬ್ಬರಾಗಿದ್ದರೆ ಸಾರ್ವಜನಿಕ ಜೀವನಕ್ಕೆ ಶರಣು ಹೊಡೆಯುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಜಾರ್ಜಿಯಾ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿಯ ಬಿಸಿನೀರಿನ ಬುಗ್ಗೆಗಳಲ್ಲಿ ವರ್ಷಗಟ್ಟಲೆ ಈಜಿ ಅಭ್ಯಾಸ ಮಾಡಿದರು. 1926ರಲ್ಲಿ ಆ ಸ್ಥಳವನ್ನೇ ಕೊಂಡು, ತಮ್ಮಂತಹ ಇತರ ರೋಗಿಗಳಿಗೂ ಅಲ್ಲಿ ಚಿಕಿತ್ಸೆಯ ಏರ್ಪಾಡು ಮಾಡಿದರು. ಕಾಲಿಗೆ ಉಕ್ಕಿನ ಪಟ್ಟಿಗಳನ್ನು ಬಿಗಿದು, ಇನ್ನೊಬ್ಬರ ತೋಳನ್ನು ಹಿಡಿದು, ವೇದಿಕೆಯ ಮೇಲೆ ನಿಂತು ಭಾಷಣ ಮಾಡಿದರು. 1928ರಲ್ಲಿ ನ್ಯೂಯಾರ್ಕಿನ ಗವರ್ನರರಾಗಿಯೂ 1932ರಲ್ಲಿ ರಾಷ್ಟ್ರಾಧ್ಯಕ್ಷರಾಗಿಯೂ ಆರಿಸಿಬಂದರು.

ಅವರು ಅಧಿಕಾರ ವಹಿಸಿದ 1933ರಲ್ಲಿ ಅಮೇರಿಕದ ದುಡಿಯುವವರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲಿನವರಿಗೆ ಕೆಲಸವಿರಲಿಲ್ಲ. ಬ್ಯಾಂಕುಗಳು ಬಾಗಿಲು ಮುಚ್ಚುತ್ತಿದ್ದವು. ವೃದ್ಧಾಪ್ಯ ವೇತನ ಮತ್ತು ನಿರುದ್ಯೋಗ ವಿಮೆಗಳ ಶಾಸನವನ್ನು 1935ರಲ್ಲಿ ಜಾರಿಗೆ ತಂದವರು ಇವರೇ. ನಮ್ಮ ದೇಶದ ಸ್ವಾತಂತ್ರ್ಯದ ಪ್ರಶ್ನೆಯಲ್ಲಿಯೂ ಆಸಕ್ತಿ ತಳೆದು 1942ರಲ್ಲಿ ಲೂಯಿ ಜಾನ್ಸನ್ ಎಂಬವರನ್ನು ತಮ್ಮ ಖಾಸಗಿ ಪ್ರತಿನಿಧಿಯಾಗಿ ದೆಹಲಿಗೆ ಕಳುಹಿಸಿದ್ದರು. 1936, 1940 ಮತ್ತು 1944ರ ಚುನಾವಣೆಗಳಲ್ಲಿಯೂ ಗೆದ್ದು ಒಟ್ಟು ನಾಲ್ಕು ಬಾರಿ ಅಧ್ಯಕ್ಷರಾದವರು ಆ ದೇಶದ ಚರಿತ್ರೆಯಲ್ಲಿ ಇವರೊಬ್ಬರೇ.

ಇನ್ನು ಕಾಣದ ರೋಗದ ವಿಚಾರಕ್ಕೆ ಬರೋಣ. ಅದರ ಕಥೆ ಕೆಲವು ಅಂಕೆಗಳಲ್ಲಿದೆ. 1935ರಲ್ಲಿ ರೂಸ್‌ವೆಲ್ಟರ ರಕ್ತದ ಒತ್ತಡ 136/78 ಇದ್ದಿತು. 1937ರಲ್ಲಿ 162/98. 1941ರಲ್ಲಿ 188/105. ವರ್ಷದಿಂದ ವರ್ಷಕ್ಕೆ ಲೆಕ್ಕದ ಪುಸ್ತಕದಲ್ಲಿ ಸಾಲ ಏರಿದಂತೆ ಅಂಕೆ ಏರುತ್ತ ಹೋಯಿತು. ಆದರೆ ನೋವಿಲ್ಲ, ಜ್ವರವಿಲ್ಲ. ಆದುದರಿಂದ ಗಾಬರಿಯೂ ಇಲ್ಲ. ಅವರ ಸ್ವಂತ ವೈದ್ಯರಾದ ರಾಸ್ ಮೆಕಿಂಟೈರರು ಕಿವಿ, ಮೂಗು, ಗಂಟಲುಗಳ ತಜ್ಞರು. ವಯಸ್ಸಾದಂತೆ ರಕ್ತದ ಒತ್ತಡ ಏರುವುದು ಸಹಜವೆಂದೂ, ಗಡುಸಾದ ನಾಳಗಳಲ್ಲಿ ರಕ್ತ ಹರಿಯಲು ಅದು ಬೇಕೇ ಬೇಕೆಂದೂ ಆ ಕಾಲದ ಅನೇಕ ವೈದ್ಯರು ನಂಬಿದ್ದರು. ಒತ್ತಡವನ್ನು ತಗ್ಗಿಸುವ ನಂಬಿಕೆಗೆ ಅರ್ಹವಾದ ಮಾತ್ರೆಯೂ ಆಗ ಇರಲಿಲ್ಲ. ರೂಸ್‌ವೆಲ್ಟರಾದರೋ ಸಿಗರೇಟಿನ ಮೇಲೆ ಸಿಗರೇಟು ಸೇದುತ್ತ ಮಹಾಯುದ್ಧದ ಹೊರೆಯನ್ನು ಹೊತ್ತಿದ್ದರು.

1944ನೆಯ ಮಾರ್ಚ್ ತಿಂಗಳ ಹೊತ್ತಿಗೆ ಅವರ ಮುಖ ಕಳೆಗುಂದಿತ್ತು, ಉಸಿರು ಕಟ್ಟುತ್ತಿತ್ತು, ಕೆಮ್ಮು ಬಿಡುತ್ತಿರಲಿಲ್ಲ. ಮಗಳು ಆನ್ನಾ ಒತ್ತಾಯಿಸಿದ ಮೇಲೆ ಬೆಥೆಸ್ಡಾದ ನೌಕಾ ಆಸ್ಪತ್ರೆಯಲ್ಲಿ ಹೋವರ್ಡ್ ಬ್ರೂಯೆನ್ ಎಂಬ ತರುಣ ಹೃದ್ರೋಗ ತಜ್ಞರು ಪರೀಕ್ಷಿಸಿದರು. ಒತ್ತಡ 186/108, ಹೃದಯ ಹಿಗ್ಗಿದೆ, ಶ್ವಾಸಕೋಶಗಳಲ್ಲಿ ನೀರು ನಿಲ್ಲುತ್ತಿದೆ. ಡಿಜಿಟಾಲಿಸ್ ಔಷಧ, ವಿಶ್ರಾಂತಿ, ಉಪ್ಪು ಕಡಿಮೆಯಾದ ಊಟ, ತೂಕ ಇಳಿಸುವುದು, ಸಿಗರೇಟು ಕಡಿಮೆ ಮಾಡುವುದು, ಇಷ್ಟೇ ಆಗ ದೊರಕುತ್ತಿದ್ದ ಚಿಕಿತ್ಸೆ. ಅದರಿಂದಲೇ ಅವರು ತಕ್ಕಮಟ್ಟಿಗೆ ಚೇತರಿಸಿಕೊಂಡರು.

ನಮ್ಮ ಮನಸ್ಸನ್ನು ಬಹಳವಾಗಿ ಕಲಕಿದ ಸಂಗತಿ ಇನ್ನೊಂದಿದೆ. ಆ ತಜ್ಞರು ಅನಂತರ ಪದೇ ಪದೇ ಬಂದು ಪರೀಕ್ಷಿಸುತ್ತಿದ್ದರೂ, ಇವರೇಕೆ ಬರುತ್ತಾರೆ, ಈ ಔಷಧವೇನು, ನನ್ನ ಒತ್ತಡವೆಷ್ಟು ಎಂಬುದನ್ನು ರೂಸ್‌ವೆಲ್ಟರು ಒಮ್ಮೆಯೂ ವಿಚಾರಿಸಲಿಲ್ಲ. ಹೇಳಬೇಕಾದವರೂ ಬಿಡಿಸಿ ಹೇಳಲಿಲ್ಲ. ಅರ್ಧ ಪ್ರಪಂಚದ ಸುದ್ದಿಯನ್ನು ಪ್ರತಿದಿನ ಕೇಳಿ ತಿಳಿಯುತ್ತಿದ್ದವರು ತಮ್ಮ ಎದೆಯ ಸುದ್ದಿಯನ್ನು ಮಾತ್ರ ಕೇಳಲಿಲ್ಲ.

1945ರ ಫೆಬ್ರವರಿಯಲ್ಲಿ ಯಾಲ್ಟಾ ಸಮ್ಮೇಳನಕ್ಕೆ ದೂರದ ಪ್ರಯಾಣ ಮಾಡಿ ಬಂದ ಅವರು ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸಿನಲ್ಲಿ ಚಿತ್ರಕಾರ್ತಿಯೊಬ್ಬರ ಮುಂದೆ ಕುಳಿತಿದ್ದಾಗ ತಲೆಯ ಹಿಂಭಾಗದಲ್ಲಿ ಅತಿಯಾದ ನೋವೆಂದು ಹೇಳಿ ಕುಸಿದರು. ವೈದ್ಯರು ಅಳೆದಾಗ ಒತ್ತಡ 300/190. ಮೆದುಳಿನ ರಕ್ತನಾಳ ಒಡೆದಿತ್ತು. ಎರಡು ಮೂರು ಗಂಟೆಗಳಲ್ಲಿ ಪ್ರಾಣ ಹೋಯಿತು. ವಯಸ್ಸು 63.

ಆ ಮರಣ ವ್ಯರ್ಥವಾಗಲಿಲ್ಲ. 1948ರಲ್ಲಿ ಅಧ್ಯಕ್ಷ ಟ್ರೂಮನ್ನರು ರಾಷ್ಟ್ರೀಯ ಹೃದಯ ಶಾಸನಕ್ಕೆ ಸಹಿ ಹಾಕಿದರು. ಅದೇ ವರ್ಷ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 5,209 ಸ್ತ್ರೀಪುರುಷರನ್ನು ವರ್ಷಾನುಗಟ್ಟಲೆ ಪರೀಕ್ಷಿಸುತ್ತ ಬರುವ ಕಾರ್ಯ ಆರಂಭವಾಯಿತು. ಏರಿದ ರಕ್ತದ ಒತ್ತಡ, ರಕ್ತದಲ್ಲಿಯ ಹೆಚ್ಚಿನ ಕೊಲೆಸ್ಟರಾಲ್, ಸಿಗರೇಟು, ಇವು ಹೃದಯದ ವೈರಿಗಳೆಂಬುದು ಆ ಸಾಮಾನ್ಯ ಜನರಿಂದ ಸಿದ್ಧವಾಯಿತು. 1958ರ ಸುಮಾರಿಗೆ ಒಳ್ಳೆಯ ಮಾತ್ರೆಗಳು ಬಂದವು. ಅಮೇರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 1967ರಲ್ಲಿ ಪ್ರಕಟವಾದ ಪರೀಕ್ಷೆಯು, ತೀವ್ರ ಒತ್ತಡವಿದ್ದವರು ಮಾತ್ರೆ ನುಂಗಿದರೆ ಇಂತಹ ಅನಾಹುತಗಳು ತಗ್ಗುತ್ತವೆಂಬುದನ್ನು ತೋರಿಸಿಕೊಟ್ಟಿತು. ರೂಸ್‌ವೆಲ್ಟರಿಗೆ ದೊರಕದ ಚಿಕಿತ್ಸೆ ಇಂದು ಮುಂಬಯಿಯ ಮುನಿಸಿಪಾಲಿಟಿ ದವಾಖಾನೆಯಲ್ಲಿಯೂ ದೊರಕುತ್ತದೆ. ಆದುದರಿಂದ ಅವರು ಕೇಳದೆ ಬಿಟ್ಟ ಪ್ರಶ್ನೆಗಳನ್ನು ನಮ್ಮ ವಾಚಕರ ಪರವಾಗಿ ನಾವು ಕೇಳಿ, ವೈದ್ಯಶಾಸ್ತ್ರವು ಕೊಡುವ ಉತ್ತರವನ್ನು ಇಲ್ಲಿ ಕೊಡುತ್ತೇವೆ.

ನೋವಿಲ್ಲದಿರುವಾಗ ರೋಗವೆಲ್ಲಿಯದು? ಹೃದಯವು ಮೇಲಂತಸ್ತಿನ ಟ್ಯಾಂಕಿಗೆ ನೀರೆತ್ತುವ ಪಂಪಿನಂತೆ. ಕೊಳವೆ ಕಿರಿದಾದರೂ ಪಂಪು ಸದ್ದಿಲ್ಲದೆ ದುಡಿಯುತ್ತಲೇ ಇರುತ್ತದೆ. ಒಂದು ದಿನ ಸುಟ್ಟುಹೋಗುತ್ತದೆ, ಇಲ್ಲವೆ ಕೊಳವೆ ಒಡೆಯುತ್ತದೆ. ಅಳೆಯದ ಹೊರತು ಒತ್ತಡ ತಿಳಿಯದು. 120/80ರ ಆಸುಪಾಸು ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಒತ್ತಡ ಇಳಿದ ಮೇಲೆ ಮಾತ್ರೆ ಬಿಡಬಹುದೇ? ಇಳಿದದ್ದು ಮಾತ್ರೆಯಿಂದ. ವೈದ್ಯರು ಹೇಳದೆ ಬಿಟ್ಟರೆ ಅದು ಮತ್ತೆ ಏರುತ್ತದೆ. ಊರಿಗೆ ರಜೆಯಲ್ಲಿ ಹೋಗುವಾಗ ಮಾತ್ರೆಯ ಚೀಟಿಯೂ ಚೀಲದಲ್ಲಿರಲಿ. ಜನೌಷಧಿ ಅಂಗಡಿಗಳಲ್ಲಿ ಇದೇ ಮಾತ್ರೆಗಳು ಅಗ್ಗವಾಗಿ ಸಿಗುತ್ತವೆ.

ಉಪ್ಪು ಎಷ್ಟು? ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಇದರಲ್ಲಿ ಸಾರು, ಚಟ್ನಿ, ಉಪ್ಪಿನಕಾಯಿ, ಹಪ್ಪಳ ಎಲ್ಲವೂ ಸೇರಿತು. ಅಡಿಗೆಮನೆಯಲ್ಲಿ ದುಡಿಯುವವರು ರುಚಿ ನೋಡಿ ನೋಡಿಯೇ ನಾಲಗೆಯನ್ನು ಉಪ್ಪಿಗೆ ಒಗ್ಗಿಸಿಕೊಂಡಿರುತ್ತಾರೆಂಬುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ತುಸು ತುಸುವಾಗಿ ಕಡಿಮೆ ಮಾಡಿದರೆ ಕೆಲವು ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ.

ದಿನವಿಡೀ ನಿಂತೇ ದುಡಿಯುವವರಿಗೆ ವ್ಯಾಯಾಮವೇಕೆ? ನಿಲ್ಲುವುದು ಕಾಲಿಗೆ ದಣಿವು ಮಾತ್ರ. ಹೃದಯಕ್ಕೆ ಬೇಕಾದದ್ದು ಉಸಿರು ಸ್ವಲ್ಪ ವೇಗವಾಗುವಂತಹ ನಡಿಗೆ, ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ. ಕುರ್ಚಿಯಲ್ಲಿ ಕುಳಿತೇ ದಿನ ಕಳೆಯುವ ಗುಮಾಸ್ತರಿಗಂತೂ ಇದು ಅತ್ಯವಶ್ಯ. ಎರಡು ಸ್ಟಾಪು ಮೊದಲೇ ಬಸ್ಸಿಳಿದು ನಡೆದರೆ ಖರ್ಚಿಲ್ಲದೆ ಸಾಧಿಸೀತು.

ಬೀಡಿ ಸಿಗರೇಟು ಎರಡೋ ಮೂರೋ ಆದರೆ ಬಾಧೆಯಿಲ್ಲವಷ್ಟೆ? ಇದೆ. ಹೃದಯದ ಮಟ್ಟಿಗೆ ದಿನಕ್ಕೆ ಒಂದು ಸೇದುವುದೂ ಕೇಡೇ. ಜಗಿಯುವ ತಂಬಾಕೂ ನಿರಪಾಯವಲ್ಲ. ಬಿಟ್ಟ ಒಂದೇ ವರ್ಷದಲ್ಲಿ ಅಪಾಯ ಗಣನೀಯವಾಗಿ ಇಳಿಯುತ್ತದೆಂಬುದು ಸಮಾಧಾನದ ಸಂಗತಿ.

ಎದೆನೋವು ಗ್ಯಾಸಿನದೋ ಹೃದಯದ್ದೋ ತಿಳಿಯುವುದು ಹೇಗೆ? ಕೋಣೆಯಲ್ಲಿ ಕುಳಿತು ತಿಳಿಯಲಾಗದು. ಎದೆಯ ಮೇಲೆ ಭಾರವಿಟ್ಟಂತೆ ಹಿಸುಕುವುದು, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಿಯುವುದು, ತಣ್ಣನೆಯ ಬೆವರು, ಉಸಿರಾಟದ ಕಷ್ಟ, ಇವು ಕಂಡರೆ ಸೋಡಾ ಕುಡಿದು ಮಲಗಕೂಡದು. ಸಕ್ಕರೆ ಕಾಯಿಲೆಯವರಿಗೆ ಎದೆನೋವಿಲ್ಲದೆಯೂ ಹೃದಯಾಘಾತವಾಗುವುದುಂಟು. ಕೂಡಲೇ ಆಂಬ್ಯುಲೆನ್ಸ್ ಕರೆದು ಇ.ಸಿ.ಜಿ. ತೆಗೆಯುವ ಆಸ್ಪತ್ರೆಗೆ ಹೋಗಬೇಕು. ಹೆಪ್ಪುಗಟ್ಟಿದ ರಕ್ತವನ್ನು ಬೇಗ ತೆರವು ಮಾಡಿದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಮಾಲಕರು ಏನೆನ್ನುವರೋ ಎಂದು ರಾತ್ರಿ ಕಳೆಯುವಷ್ಟು ವೇಳೆ ಆಗ ಇರುವುದಿಲ್ಲ.

ಊರಿನಿಂದ ದೂರ ಬಂದು ಹೋಟೆಲಿನ ಅಟ್ಟದಲ್ಲಿ ಮಲಗುವ ನಮ್ಮ ಹುಡುಗರ ಆರೋಗ್ಯವನ್ನು ವಿಚಾರಿಸಲು ಪಕ್ಕದಲ್ಲಿ ಹೆಂಡತಿಯಿಲ್ಲ, ಮಗಳಿಲ್ಲ. ಅವರು ಕಳುಹಿಸುವ ಹಣವನ್ನು ನೆಚ್ಚಿ ಊರಿನಲ್ಲಿ ಒಂದು ಮನೆ ಉಣ್ಣುತ್ತಿರುತ್ತದೆ. ಆದುದರಿಂದ ಮಾಲಕ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ: 30 ದಾಟಿದ ಪ್ರತಿಯೊಬ್ಬ ಕೆಲಸಗಾರನಿಗೂ ವರ್ಷಕ್ಕೊಮ್ಮೆ ಒಂದು ಗಂಟೆ ಬಿಡುವು ಕೊಟ್ಟು ಒತ್ತಡವನ್ನೂ ಸಕ್ಕರೆಯನ್ನೂ ನೋಡಿಸಿರಿ. ಇ.ಎಸ್.ಐ. ಚೀಟಿಯುಳ್ಳವರು ಅದರ ದವಾಖಾನೆಯಲ್ಲಿಯೇ ನೋಡಿಸಿಕೊಳ್ಳಬಹುದು. ಕೆಲಸಗಾರ ಬಂಧುಗಳು ತಮ್ಮ ಅಂಕೆಯನ್ನು ಕೇಳಿ, ತಾರೀಖಿನೊಡನೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ. ತಂದೆಗೆ ಅಥವಾ ಅಣ್ಣನಿಗೆ ಹೃದ್ರೋಗವಿದ್ದರೆ ಅದನ್ನೂ ವೈದ್ಯರಿಗೆ ಮರೆಯದೆ ತಿಳಿಸಲಿ.