ಒಂದು ಯಂತ್ರದೊಳಗೆ ಇನ್ನೊಂದು ಯಂತ್ರ: ಅಲನ್ ಟ್ಯೂರಿಂಗ್

ಈ ಸಲದ ರಾಜ್ಯೋತ್ಸವದ ವಿಡಿಯೊ ಕಥೆ ಸಂಘದವರಿಗೆಲ್ಲ ಗೊತ್ತೇ ಇದೆ. ರಾಮನಗರದ ರಾಮದೇವರ ಬೆಟ್ಟ, ಚನ್ನಪಟ್ಟಣದ ಬೊಂಬೆ ಅಂಗಡಿಗಳು, ಮಾಗಡಿಯ ಕೋಟೆ, ಕನಕಪುರ ಕಡೆಯ ಹಿಪ್ಪುನೇರಳೆ ತೋಟ ಅಂತ ನಾಲ್ಕೂ ಕಡೆ ಸುತ್ತಿ ಶೂಟ್ ಮಾಡಿದ್ದಾಯ್ತು. ಎಡಿಟಿಂಗ್ ಶುರು ಮಾಡಿದ್ದು ವಿಂಡೋಸ್‌ನಲ್ಲಿ ಮಾತ್ರ ಓಡುವ ಒಂದು ಸಾಫ್ಟ್‌ವೇರ್‌ನಲ್ಲಿ. ಅರ್ಧ ಕೆಲಸ ಆಗುವಷ್ಟರಲ್ಲಿ ಆ ಲ್ಯಾಪ್‌ಟಾಪ್ ಕೈಕೊಡ್ತು. ಉಳಿದಿದ್ದು ಜೂನಿಯರ್ ಒಬ್ಬನ ಮ್ಯಾಕ್ ಮಾತ್ರ. ಮ್ಯಾಕ್‌ನೊಳಗೆ ವಿಂಡೋಸ್ ಕೂರಿಸಿ, ಅದರೊಳಗೆ ಆ ಸಾಫ್ಟ್‌ವೇರ್ ಹಾಕಿ, ಎರಡು ರಾತ್ರಿ ಒದ್ದಾಡಿ ಕೊನೆಗೂ ವಿಡಿಯೊ ಹೊರಗೆ ಬಂತು.

ಆ ರಾತ್ರಿ ಪ್ರೋಗ್ರೆಸ್ ಬಾರ್ ತೆವಳುತ್ತಿದ್ದಾಗ ಒಂದು ಪ್ರಶ್ನೆ ಹುಟ್ಟಿತು. ಒಂದು ಯಂತ್ರಕ್ಕೆಂದು ಬರೆದ ಪ್ರೋಗ್ರಾಂ ಇನ್ನೊಂದು ಯಂತ್ರದಲ್ಲಿ ಓಡಬಹುದು ಅಂತ ಮೊದಲು ತೋರಿಸಿಕೊಟ್ಟವರು ಯಾರು? ಉತ್ತರ ನಮ್ಮ ಸಿಲಬಸ್‌ನಲ್ಲೇ ಇದೆ. ಆಟೊಮೇಟಾ ಥಿಯರಿಯ ಕೊನೆಯ ಮಾಡ್ಯೂಲ್‌ನಲ್ಲಿ ಟ್ಯೂರಿಂಗ್ ಮಷಿನ್ ಅಂತ ಓದಿ, ಪರೀಕ್ಷೆ ಬರೆದು ಮರೆತುಬಿಡುತ್ತೇವಲ್ಲ, ಆ ಟ್ಯೂರಿಂಗ್.

ಬಳ್ಳಾರಿ, ತುಂಗಭದ್ರೆಯ ನಂಟು

ಅಲನ್ ಮ್ಯಾಥಿಸನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಆದರೆ ಮನೆತನದ ಬೇರು ನಮ್ಮ ಕಡೆಗೂ ಚಾಚಿತ್ತು. ತಂದೆ ಜೂಲಿಯಸ್ ಐಸಿಎಸ್ ಅಧಿಕಾರಿ. 1896ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಬಂದು, ಆಗ ಅದಕ್ಕೇ ಸೇರಿದ್ದ ಬಳ್ಳಾರಿಯಲ್ಲೂ, ಕರ್ನೂಲು, ವಿಶಾಖಪಟ್ಟಣಗಳಲ್ಲೂ ಕೆಲಸ ಮಾಡಿದ್ದರು. ತಾಯಿ ಎಥೆಲ್ ಸಾರಾ ಹುಟ್ಟಿದ್ದೇ ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ಸ್ಟೋನಿ ರೈಲ್ವೆಯ ಮುಖ್ಯ ಎಂಜಿನಿಯರ್, ತುಂಗಭದ್ರೆಗೆ ರೈಲು ಸೇತುವೆ ಕಟ್ಟಿಸಿದವರು. ಅಂದರೆ ಅಲನ್ ಟ್ಯೂರಿಂಗ್ ಒಬ್ಬ ಎಂಜಿನಿಯರನ ಮೊಮ್ಮಗ.

ಅಪ್ಪ ಅಮ್ಮ ಇಂಡಿಯಾದಲ್ಲಿ, ಮಕ್ಕಳಿಬ್ಬರು ಇಂಗ್ಲೆಂಡಿನಲ್ಲಿ ಬೇರೆಯವರ ಮನೆಯಲ್ಲಿ. ಅಲನ್‌ನ ಬಾಲ್ಯ ಕಳೆದದ್ದು ಹೀಗೆ. 1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರುವ ದಿನ ದೇಶವ್ಯಾಪಿ ಮುಷ್ಕರ, ರೈಲಿಲ್ಲ. ಹದಿಮೂರರ ಹುಡುಗ ಬಂದರಿನಿಂದ ಶಾಲೆಗೆ ಸುಮಾರು 100 ಕಿಲೋಮೀಟರ್ ಸೈಕಲ್ ತುಳಿದುಕೊಂಡೇ ಹೋದ. ಕೈಬರಹ ಕೆಟ್ಟದ್ದು, ಸಾಹಿತ್ಯದ ಪಾಠಗಳಲ್ಲಿ ಆಸಕ್ತಿ ಇಲ್ಲ, ಗಣಿತದಲ್ಲಿ ಮಾತ್ರ ಮೇಷ್ಟ್ರುಗಳಿಗಿಂತ ಮುಂದೆ. ಅಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಗೆಳೆಯ ಸಿಕ್ಕ. ಇಬ್ಬರದೂ ಒಂದೇ ಹುಚ್ಚು, ವಿಜ್ಞಾನ. 1930ರ ಫೆಬ್ರುವರಿಯಲ್ಲಿ ಆ ಗೆಳೆಯ ಕ್ಷಯದಿಂದ ತೀರಿಕೊಂಡ. ಅಲನ್‌ಗೆ ಅವನು ಗೆಳೆಯನಿಗಿಂತ ಹೆಚ್ಚಾಗಿದ್ದ. ಆ ಪೆಟ್ಟು ಬಹಳ ವರ್ಷ ಉಳಿಯಿತು.

ಯಂತ್ರವಿಲ್ಲದೆ ಹುಟ್ಟಿದ ಯಂತ್ರ

ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಗಣಿತ ಓದಿ, 22ನೇ ವಯಸ್ಸಿಗೇ ಅಲ್ಲಿ ಫೆಲೋ ಆದ. ಆಗ ಗಣಿತಜ್ಞರ ಮುಂದೆ ಒಂದು ದೊಡ್ಡ ಪ್ರಶ್ನೆಯಿತ್ತು. ಗಣಿತದ ಯಾವುದೇ ಹೇಳಿಕೆ ಸಾಧಿಸಬಲ್ಲದ್ದೋ ಅಲ್ಲವೋ ಅಂತ ತೀರ್ಮಾನಿಸುವ ಒಂದು ಖಚಿತವಾದ ವಿಧಾನ ಇದೆಯಾ? ಟ್ಯೂರಿಂಗ್ ಇದಕ್ಕೆ ಬೇರೆ ದಾರಿ ಹಿಡಿದ. ಲೆಕ್ಕ ಮಾಡುವ ಮನುಷ್ಯ ನಿಜವಾಗಿ ಏನು ಮಾಡ್ತಾನೆ? ಹಾಳೆ ನೋಡ್ತಾನೆ, ಒಂದು ಅಂಕಿ ಓದ್ತಾನೆ, ಅಳಿಸ್ತಾನೆ ಅಥವಾ ಬರೀತಾನೆ, ಮುಂದಿನ ಮನೆಗೆ ಹೋಗ್ತಾನೆ. ಇಷ್ಟನ್ನೇ ಮಾಡುವ ಒಂದು ಯಂತ್ರವನ್ನು, ಉದ್ದದ ಒಂದು ಟೇಪನ್ನು ಕಲ್ಪಿಸಿಕೊಂಡ. ಅಂಥ ವಿಧಾನ ಇರಲು ಸಾಧ್ಯವೇ ಇಲ್ಲ ಅಂತ 1936ರ ಪ್ರಬಂಧದಲ್ಲಿ ಸಾಧಿಸಿದ. ಅಮೆರಿಕದ ಅಲೊಂಜೊ ಚರ್ಚ್ ಬೇರೆ ದಾರಿಯಲ್ಲಿ ಅದೇ ಉತ್ತರವನ್ನು ಸ್ವಲ್ಪ ಮೊದಲೇ ಮುಟ್ಟಿದ್ದರು.

ಆದರೆ ಟ್ಯೂರಿಂಗ್ ಪ್ರಬಂಧದ ಮಧ್ಯೆ ಇನ್ನೊಂದು ಸಂಗತಿ ಕೂತಿತ್ತು. ಯಾವುದೇ ಯಂತ್ರದ ನಿಯಮಗಳ ಪಟ್ಟಿಯನ್ನು ಟೇಪಿನ ಮೇಲೆ ಬರೆದುಕೊಟ್ಟರೆ, ಅದನ್ನು ಓದಿ ಆ ಯಂತ್ರ ಮಾಡುವ ಕೆಲಸವನ್ನೆಲ್ಲ ತಾನೇ ಮಾಡಬಲ್ಲ ಒಂದು ಸಾರ್ವತ್ರಿಕ ಯಂತ್ರ! ಚನ್ನಪಟ್ಟಣದ ಕುಶಲಕರ್ಮಿ ಬುಗುರಿಗೆ ಒಂದು ಲೇತು, ಬೊಂಬೆಗೆ ಇನ್ನೊಂದು ಲೇತು ಅಂತ ಇಟ್ಟುಕೊಳ್ಳೋದಿಲ್ಲ. ಲೇತು ಒಂದೇ, ಕೈಯೊಳಗಿನ ಲೆಕ್ಕ ಬೇರೆ. ಟ್ಯೂರಿಂಗ್ ಆ ಕೈಯ ಲೆಕ್ಕವನ್ನೂ ಬರೆದಿಟ್ಟು ಯಂತ್ರಕ್ಕೇ ಓದಿಸಿದ. ಸಾಫ್ಟ್‌ವೇರ್ ಅನ್ನೋದು ಹಾರ್ಡ್‌ವೇರಿನಿಂದ ಬೇರೆಯಾಗಿ ನಿಂತದ್ದು ಇಲ್ಲೇ. ಆಗ ಅವನಿಗೆ ವಯಸ್ಸು 23. ಜಗತ್ತಿನಲ್ಲಿ ಒಂದೂ ಎಲೆಕ್ಟ್ರಾನಿಕ್ ಕಂಪ್ಯೂಟರ್ ಇರಲಿಲ್ಲ.

ನಮ್ಮ ಮ್ಯಾಕ್ ಆ ರಾತ್ರಿ ಮಾಡಿದ್ದೂ ಇದನ್ನೇ. ಹಳೇ ಇಂಟೆಲ್ ಮ್ಯಾಕ್ ಆಗಿದ್ದರೆ ಬೂಟ್ ಕ್ಯಾಂಪ್‌ನಿಂದ ವಿಂಡೋಸನ್ನು ನೇರವಾಗಿಯೇ ಹಾಕಬಹುದಿತ್ತು. 2020ರ ಎಂ1 ಚಿಪ್ಪಿನಿಂದ ಈಚೆಗೆ ಆ ದಾರಿ ಇಲ್ಲ. ಈಗ ವರ್ಚುವಲ್ ಮಷಿನ್ ಅಂತ ಸಾಫ್ಟ್‌ವೇರಿನಲ್ಲೇ ಒಂದು ಇಡೀ ಕಂಪ್ಯೂಟರ್ ಕಟ್ಟಿ, ಅದರಲ್ಲಿ ಎಆರ್‌ಎಂ ವಿಂಡೋಸ್ ಹಾಕಬೇಕು. ಆ ವಿಂಡೋಸ್, ಇಂಟೆಲ್ ಚಿಪ್ಪಿಗೆಂದು ಬರೆದ ಸೂಚನೆಗಳನ್ನು ಎಆರ್‌ಎಂ ಸೂಚನೆಗಳಾಗಿ ಬದಲಾಯಿಸಿಕೊಂಡು ಓಡಿಸುತ್ತದೆ. ವೈನ್ ಬಳಸಿದರೆ ವಿಂಡೋಸ್ ಬೇಕಾಗಿಯೇ ಇಲ್ಲ. ಪ್ರೋಗ್ರಾಂ ವಿಂಡೋಸನ್ನು ಕೇಳುವುದನ್ನೆಲ್ಲ ಅದು ಮ್ಯಾಕ್‌ಗೆ ತಿಳಿಯುವ ಹಾಗೆ ಹೇಳುತ್ತದೆ.

ಮತ್ತೆ ಅಷ್ಟು ನಿಧಾನ ಯಾಕೆ? ಸಾಧ್ಯ ಅಂತ ಟ್ಯೂರಿಂಗ್ ತೋರಿಸಿದ, ಬೇಗ ಆಗುತ್ತೆ ಅಂತ ಹೇಳಲಿಲ್ಲ. 4ಕೆ ವಿಡಿಯೊದ ಒಂದು ಫ್ರೇಮಿನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್, ಸೆಕೆಂಡಿಗೆ ಅಂಥ 25 ಇಲ್ಲವೇ 30 ಫ್ರೇಮ್. ಗ್ರಾಫಿಕ್ಸ್ ಚಿಪ್ಪಿಗೆ ಹೋಗಬೇಕಾದ ಕೆಲಸವೂ ಎರಡು ಮೂರು ಬಾಗಿಲು ದಾಟಿ ಹೋಗಬೇಕು. ಅಲ್ಲದೆ ಅವನ ಟೇಪಿಗೆ ಕೊನೆಯೇ ಇಲ್ಲ, ನಮ್ಮ ಜೂನಿಯರ್‌ನ ರ‍್ಯಾಮ್ 8 ಜಿಬಿ.

ಬೊಂಬೆಯಲ್ಲದ ಬಾಂಬ್

ಪ್ರಿನ್ಸ್‌ಟನ್‌ನಲ್ಲಿ 1938ಕ್ಕೆ ಪಿಎಚ್‌ಡಿ ಮುಗಿಸಿ ಊರಿಗೆ ಮರಳಿದ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಮರುದಿನವೇ ಬ್ಲೆಚ್ಲಿ ಪಾರ್ಕ್‌ಗೆ ಹಾಜರಾದ. ಜರ್ಮನ್ನರ ಎನಿಗ್ಮಾ ಯಂತ್ರದ ಸೆಟ್ಟಿಂಗ್‌ಗಳು ಸುಮಾರು 159ರ ಮುಂದೆ 18 ಸೊನ್ನೆ ಹಾಕಿದಷ್ಟು, ದಿನವೂ ಬದಲು. ಪೋಲೆಂಡಿನ ಗಣಿತಜ್ಞರು ಇದನ್ನು ಮೊದಲು ಭೇದಿಸಿ, ಯುದ್ಧಕ್ಕೆ ಸ್ವಲ್ಪ ಮುಂಚೆ ಬ್ರಿಟಿಷರಿಗೆ ತಮ್ಮ ಗುಟ್ಟು ಕೊಟ್ಟಿದ್ದರು. ಅದರ ಮೇಲೆ ಟ್ಯೂರಿಂಗ್ ಹೊಸ ಯಂತ್ರ ವಿನ್ಯಾಸ ಮಾಡಿದ, ಗಾರ್ಡನ್ ವೆಲ್ಚ್‌ಮನ್ ಅದನ್ನು ಇನ್ನಷ್ಟು ಚುರುಕು ಮಾಡಿದರು. ಹೆಸರು ಬಾಂಬ್. ಇಂಗ್ಲಿಷ್ ಸ್ಪೆಲ್ಲಿಂಗನ್ನು ನಮ್ಮವರು ಓದಿದರೆ ಬೊಂಬೆ ಅಂತಲೇ ಬರುತ್ತೆ, ಚನ್ನಪಟ್ಟಣದವರು ಖುಷಿಪಡಬಹುದು! ಒಂದೊಂದು ಬಾಂಬ್ ಒಳಗೆ 36 ಎನಿಗ್ಮಾಗಳ ಕೆಲಸ ಒಟ್ಟಿಗೆ ನಡೆಯುತ್ತಿತ್ತು. ಇಲ್ಲೂ ಒಂದು ಯಂತ್ರ ಇನ್ನೊಂದರಂತೆ ನಡೆದುಕೊಳ್ಳುವ ಕಥೆಯೇ. ಸಿಬ್ಬಂದಿ ಸಾಲದಾದಾಗ 1941ರಲ್ಲಿ ಮೂವರು ಸಹೋದ್ಯೋಗಿಗಳ ಜೊತೆ ನೇರ ಚರ್ಚಿಲ್‌ಗೇ ಪತ್ರ ಬರೆದ. ಕೆಲಸ ಆಯ್ತು.

ಅವನ ವಿಚಿತ್ರಗಳನ್ನೂ ಜನ ನೆನೆಯುತ್ತಾರೆ. ಟೀ ಮಗ್ ಯಾರೂ ಒಯ್ಯದಿರಲೆಂದು ರೇಡಿಯೇಟರಿಗೆ ಸರಪಳಿ ಕಟ್ಟಿದ್ದ. ಹೂವಿನ ಪರಾಗ ಆಗದ್ದಕ್ಕೆ ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೈಕಲ್ ಹೊಡೆಯುತ್ತಿದ್ದ. 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿದ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಜೋನ್ ಕ್ಲಾರ್ಕ್ ಜೊತೆ ಮದುವೆ ನಿಶ್ಚಯ ಆಗಿತ್ತು. ತನ್ನ ಒಲವು ಗಂಡಸರ ಕಡೆಗೆ ಅಂತ ಆಕೆಗೆ ಹೇಳಿದ, ಆಮೇಲೆ ತಾನೇ ಮದುವೆ ಬೇಡವೆಂದ. ಅವರ ಸ್ನೇಹ ಮಾತ್ರ ಉಳಿಯಿತು.

ಓಡಿಸಲು ಯಂತ್ರವೇ ಇಲ್ಲ

ಯುದ್ಧದ ನಂತರ ಎಸಿಇ ಎಂಬ ಕಂಪ್ಯೂಟರಿನ ವಿನ್ಯಾಸ ಬರೆದ. ಅದು ಕಟ್ಟುವ ಹಂತಕ್ಕೆ ಬೇಗ ಬರಲೇ ಇಲ್ಲ. ಬೇಸತ್ತು 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದ. ಅದೇ ವರ್ಷ ಗೆಳೆಯ ಚಾಂಪರ್ನೌನ್ ಜೊತೆ ಸೇರಿ ಚೆಸ್ ಆಡುವ ಪ್ರೋಗ್ರಾಂ ಬರೆಯಲು ಶುರು ಮಾಡಿದ. ಅದನ್ನು ಓಡಿಸುವಷ್ಟು ಶಕ್ತಿಯ ಯಂತ್ರ ಎಲ್ಲೂ ಇರಲಿಲ್ಲ. ಹಾಗಾಗಿ 1952ರಲ್ಲಿ ತಾನೇ ಯಂತ್ರವಾಗಿ ಕೂತ. ಪೇಪರ್, ಪೆನ್ಸಿಲ್ ಹಿಡಿದು ಪ್ರೋಗ್ರಾಂ ಹೇಳಿದ ಲೆಕ್ಕವನ್ನೇ ಮಾಡಿ, ಅದು ಹೇಳಿದ ನಡೆಯನ್ನೇ ನಡೆದ. ಒಂದು ನಡೆಗೆ ಸುಮಾರು ಅರ್ಧ ಗಂಟೆ. ಆಟ ಸೋತ. ನಮ್ಮ ಪ್ರೋಗ್ರೆಸ್ ಬಾರ್ ಎಷ್ಟೋ ವಾಸಿ.

ಅದೇ 1952ರಲ್ಲಿ ಅವನ ಮನೆಯಲ್ಲಿ ಕಳ್ಳತನವಾಯ್ತು. ಪೊಲೀಸರಿಗೆ ದೂರು ಕೊಟ್ಟ. ವಿಚಾರಣೆಯಲ್ಲಿ ಒಬ್ಬ ಯುವಕನ ಜೊತೆ ತನಗಿದ್ದ ಸಂಬಂಧವನ್ನು ಮುಚ್ಚಿಡದೆ ಒಪ್ಪಿಕೊಂಡ. ಇಂಗ್ಲೆಂಡಿನಲ್ಲಿ ಆಗ ಅದು ಅಪರಾಧ. ಜೈಲು ಬೇಡವೆಂದರೆ ಒಂದು ವರ್ಷ ಹಾರ್ಮೋನ್ ಚಿಕಿತ್ಸೆ. ಅವನು ಚಿಕಿತ್ಸೆ ಒಪ್ಪಿಕೊಂಡ. ದೇಹ ಬದಲಾಯಿತು, ಸರಕಾರದ ಗುಪ್ತ ಕೆಲಸದ ಬಾಗಿಲು ಮುಚ್ಚಿತು. ಯುದ್ಧದಲ್ಲಿ ಅವನೇನು ಮಾಡಿದ್ದ ಅಂತ ಯಾರಿಗೂ ಹೇಳುವಂತಿರಲಿಲ್ಲ, ಕೋರ್ಟಿಗೂ ಸಹ.

1954ರ ಜೂನ್ 7ರಂದು ಸಯನೈಡ್‌ನಿಂದ ತೀರಿಕೊಂಡ. ವಯಸ್ಸು 41. ಆತ್ಮಹತ್ಯೆ ಅಂತ ವಿಚಾರಣೆ ತೀರ್ಮಾನಿಸಿತು. ಪ್ರಯೋಗ ಮಾಡುವಾಗ ಆದ ಆಕಸ್ಮಿಕ ಅಂತ ತಾಯಿ ಕೊನೆವರೆಗೂ ನಂಬಿದ್ದರು. ಹಾಸಿಗೆ ಪಕ್ಕ ಅರ್ಧ ಕಚ್ಚಿದ ಸೇಬು ಸಿಕ್ಕಿತ್ತು. ಮ್ಯಾಕ್ ಮೇಲಿನ ಕಚ್ಚಿದ ಸೇಬು ಅವನ ನೆನಪಿಗೆ ಅಂತ ನಮ್ಮ ಹಾಸ್ಟೆಲ್‌ನಲ್ಲೂ ಹೇಳುತ್ತಾರೆ. ಅದು ನಿಜವಲ್ಲ. ಲೋಗೊ ಬರೆದ ರಾಬ್ ಜಾನಾಫ್ ಪ್ರಕಾರ ಅದು ಚೆರಿ ಹಣ್ಣಿನ ಹಾಗೆ ಕಾಣಬಾರದು ಅಂತ ಕಚ್ಚಿದ ಗುರುತು ಹಾಕಿದ್ದು.

ಬ್ರಿಟಿಷ್ ಸರಕಾರ 2009ರಲ್ಲಿ ಕ್ಷಮೆ ಕೇಳಿತು, 2013ರಲ್ಲಿ ರಾಣಿಯ ಕ್ಷಮಾದಾನ ಬಂತು, 2021ರಲ್ಲಿ 50 ಪೌಂಡ್ ನೋಟಿನ ಮೇಲೆ ಅವನ ಮುಖ ಬಂತು. ನಾವೂ ದೂರದಿಂದ ನೋಡಿ ಅಯ್ಯೋ ಪಾಪ ಅನ್ನುವ ಹಾಗಿಲ್ಲ. ಬ್ರಿಟಿಷರು 1860ರಲ್ಲಿ ಇಲ್ಲಿ ಮಾಡಿಟ್ಟ 377ನೇ ಸೆಕ್ಷನ್ ಇಂಥದ್ದೇ. ಸುಪ್ರೀಂ ಕೋರ್ಟ್ ಒಪ್ಪಿಗೆಯಿರುವ ವಯಸ್ಕರನ್ನು ಅದರಿಂದ ಹೊರಗಿಟ್ಟದ್ದು 2018ರ ಸೆಪ್ಟೆಂಬರ್ 6ರಂದು. ಆಗ ನಾವು ಸ್ಕೂಲಿನಲ್ಲಿದ್ದೆವು.

ಒಂದು ಯಂತ್ರ ಇನ್ನೊಂದರ ಹಾಗೆ ನಡೆದುಕೊಳ್ಳಬಹುದು ಅಂತ ಕಲಿಸಿದವನಿಗೆ, ನೀನೂ ಇನ್ನೊಬ್ಬರ ಹಾಗೆ ಇರು ಅಂತ ಕಾನೂನು ಹೇಳಿತು. ಯಂತ್ರಕ್ಕೆ ಅದು ಸಾಧ್ಯ. ಮನುಷ್ಯನಿಂದ ಅದನ್ನು ಕೇಳಬಾರದಿತ್ತು. ನಮ್ಮ ಕ್ಲಾಸಿನಲ್ಲಿ, ಹಾಸ್ಟೆಲ್‌ನಲ್ಲಿ ಯಾರಾದರೂ ಸ್ವಲ್ಪ ಬೇರೆ ಥರ ಕಂಡಾಗ ಇದೊಂದು ನೆನಪಿದ್ದರೆ ಸಾಕು. ಅಂದಹಾಗೆ, ಮುಂದಿನ ಸಲ ವಿಡಿಯೊ ಮಾಡುವಾಗ ಎರಡೂ ಕಡೆ ಓಡುವ ಸಾಫ್ಟ್‌ವೇರನ್ನೇ ಬಳಸೋಣ.