ಇಡೀ ಊರೇ ಜಾಮೀನು ನಿಂತ ಕಥೆ

ಸಹಕಾರ ಸಪ್ತಾಹದ ಭಾಷಣಗಳಲ್ಲಿ ರೈಫೈಸನ್ ಹೆಸರನ್ನು ಎಲ್ಲರೂ ಕೇಳಿದ್ದೇವೆ. ಆ ಮಹನೀಯರು ಯಾರು, ಏನು ಮಾಡಿದರು ಅಂತ ಬಿಡಿಸಿ ಹೇಳಿದವರು ಕಡಿಮೆ. ಸದಸ್ಯ ಬಾಂಧವರಿಗಾಗಿ ನಾವು ತಿಳಿದಷ್ಟನ್ನು ಇಲ್ಲಿ ಬರೆದಿದ್ದೇವೆ.

ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಹುಟ್ಟಿದ್ದು 1818ರ ಮಾರ್ಚ್ 30ರಂದು, ಜರ್ಮನಿಯ ಹಮ್ ಎಂಬ ಊರಿನಲ್ಲಿ. ಸೈನ್ಯ ಸೇರಿದ್ದರು, ಕಣ್ಣಿನ ಕಾಯಿಲೆಯಿಂದ ಬಿಡಬೇಕಾಯಿತು. 1845ರಲ್ಲಿ ವೈಯರ್‌ಬುಷ್ ಸುತ್ತಿನ ಹಳ್ಳಿಗಳಿಗೆ ಮೇಯರ್ ಆದರು. ಮರುವರ್ಷವೇ ಬೆಳೆ ಕೈಕೊಟ್ಟಿತು. ಸ್ಥಿತಿವಂತರಿಂದ ಹಣ ಕೂಡಿಸಿ, ಧಾನ್ಯ ತರಿಸಿ, ಊರಿನಲ್ಲೇ ರೊಟ್ಟಿ ಸುಡಿಸಿ ಬಡವರಿಗೆ ಕಡದ ಮೇಲೆ ಹಂಚಿದರು.

ಆ ಕಾಲದಲ್ಲಿ ದನದ ವ್ಯಾಪಾರಿಗಳು ರೈತರಿಗೆ ಸಾಲದ ಮೇಲೆ ದನ ಕೊಡುತ್ತಿದ್ದರು. ಬಾಕಿ ನಿಂತರೆ ದನವೂ ಹೋಯಿತು, ಹೊಲವೂ ಹೋಯಿತು. ಇದು ನಮಗೇನು ಹೊಸದಲ್ಲ. 1849ರಲ್ಲಿ ಫ್ಲಾಮರ್ಸ್‌ಫೆಲ್ಡ್‌ನಲ್ಲಿ 60 ಮಂದಿ ಅನುಕೂಲಸ್ಥರನ್ನು ಒಟ್ಟಿಗೆ ಜಾಮೀನು ನಿಲ್ಲಿಸಿ, ಸಾಲ ತಂದು, ಬಡರೈತರಿಗೆ ದನ ಕೊಡಿಸಿದರು. 1854ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲೂ ಅಂಥದೇ ಸಂಘ ಮಾಡಿದರು. ಆದರೆ ಇನ್ನೊಬ್ಬರ ಸಾಲಕ್ಕೆ ತಮ್ಮ ಆಸ್ತಿಯನ್ನು ಎಷ್ಟು ದಿನ ಒಡ್ಡಿಯಾರು? ಉಳ್ಳವರ ಉತ್ಸಾಹ ಇಳಿಯುತ್ತ ಬಂತು.

ಆಗ 1864ರಲ್ಲಿ ಅವರು ಲೆಕ್ಕವನ್ನೇ ತಿರುಗಿಸಿದರು. ಸಾಲ ಬೇಕಾದವನೇ ಸದಸ್ಯ, ಸದಸ್ಯನೇ ಜಾಮೀನುದಾರ. ಸಂಘ ಮುಳುಗಿದರೆ ಸಾಲಗಾರರು ಪ್ರತಿಯೊಬ್ಬ ಸದಸ್ಯನ ಮನೆ, ಹೊಲ, ದನಕರುಗಳ ತನಕ ಬರಬಹುದು. ಇದಕ್ಕೆ ಅಪರಿಮಿತ ಹೊಣೆಗಾರಿಕೆ ಎನ್ನುತ್ತಾರೆ. ನಮ್ಮ ಸಂಘಗಳ ಹೆಸರಿನ ಮುಂದೆ ಇರುವ ‘ನಿ.’ ಎಂಬ ಅಕ್ಷರ ಇದಕ್ಕೆ ವಿರುದ್ಧ: ಇಲ್ಲಿ ಸಂಘದ ನಷ್ಟಕ್ಕೆ ಸದಸ್ಯನ ಹೊಣೆಗೆ ಒಂದು ಮಿತಿ ಇದೆ. (ತಾನು ಪಡೆದ ಸಾಲ ಬೇರೆ ಮಾತು, ಅದನ್ನು ಪೂರ್ತಿ ಕಟ್ಟಲೇಬೇಕು, ತಪ್ಪಿದರೆ ಜಪ್ತಿಯೂ ಬಂದೀತು. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.)

ಬಡವರ ಕೊರಳಿಗೆ ಇಂಥ ಉರುಳು ಯಾಕೆ ಅಂತ ಕೇಳಬಹುದು. ಕೈಯಲ್ಲಿ ರೊಕ್ಕವಿಲ್ಲದ ರೈತನಿಗೆ ಹೊರಗಿನವರು ಸಾಲ ಕೊಡಬೇಕಾದರೆ ಬೇರೆ ಯಾವ ಆಧಾರವಿತ್ತು? ಅಲ್ಲದೆ ತನ್ನ ಮನೆಯೂ ಪಣಕ್ಕಿದೆ ಅಂದಮೇಲೆ, ಪಕ್ಕದವನು ಸಾಲ ತಂದು ಹಸು ಕೊಂಡನೋ ಹೆಂಡ ಕುಡಿದನೋ ಅಂತ ಎಲ್ಲರೂ ನೋಡುತ್ತಾರೆ. ಅದಕ್ಕೇ ಸಂಘದ ವ್ಯಾಪ್ತಿ ಒಬ್ಬರಿಗೊಬ್ಬರು ಗುರುತಿರುವಷ್ಟು ಚಿಕ್ಕದಿರಬೇಕು, ಕಮಿಟಿಯವರು ಸಂಬಳ ಪಡೆಯಬಾರದು, ಲಾಭ ಹಂಚದೆ ನಿಧಿಗೆ ಹಾಕಬೇಕು ಎಂದು ಅವರು ಪಟ್ಟು ಹಿಡಿದರು. ನಮಗನ್ನಿಸುವಂತೆ ಆ ಕಾವಲೇ ಅವರ ಸಂಘಗಳ ನಿಜವಾದ ಬಂಡವಾಳ.

ಪಟ್ಟಣದ ಸಂಘಗಳ ಮುಖಂಡರಾದ ಷುಲ್ಜ್-ಡೆಲಿಟ್ಜ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಸದಸ್ಯರು ಷೇರು ಹಾಕಬೇಕು, ಡಿವಿಡೆಂಡ್ ಪಡೆಯಬೇಕು ಎಂಬುದು ಅವರ ವಾದ. ಜಗಳ ವರ್ಷಗಟ್ಟಲೆ ನಡೆಯಿತು.

ಅನಾರೋಗ್ಯದಿಂದ 1865ರಲ್ಲೇ ನಿವೃತ್ತರಾದ ರೈಫೈಸನ್, 1866ರಲ್ಲಿ ಸಾಲ ಸಂಘಗಳ ಬಗ್ಗೆ ಪುಸ್ತಕ ಹೊರತಂದರು. ಹೊಟ್ಟೆಪಾಡಿಗೆ ವೈನ್ ವ್ಯಾಪಾರ ಮಾಡಿದರು. ಕಣ್ಣು ಬಹುತೇಕ ಹೋಗಿತ್ತು. ಮಗಳು ಅಮಾಲಿಯೇ ಓದುವುದು, ಬರೆಯುವುದು. 1888ರ ಮಾರ್ಚ್ 11ರಂದು ತೀರಿಕೊಂಡರು. ಮರುವರ್ಷ ಜರ್ಮನಿಯ ಕಾನೂನು ಪರಿಮಿತ ಹೊಣೆಯ ಸಂಘಗಳಿಗೂ ದಾರಿ ಬಿಟ್ಟಿತು.

ನಮ್ಮ ದೇಶದ 1904ರ ಕಾಯಿದೆ ಮಾತ್ರ ಹಳ್ಳಿಯ ಸಂಘಗಳಿಗೆ ರೈಫೈಸನ್ ಅವರ ಅಪರಿಮಿತ ಹೊಣೆಯನ್ನೇ ಸಾಮಾನ್ಯ ನಿಯಮವಾಗಿ ಇಟ್ಟುಕೊಂಡಿತು. ಆ ಕಾಯಿದೆಯಡಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ, ರೈತರು ಸೇರಿ ಸಂಘ ಕಟ್ಟಿದರು.