ಗಣಿತಸಾರಸಂಗ್ರಹದ ಕರ್ತೃ ಮಹಾವೀರಾಚಾರ್ಯರು

ರಾಜೂರು, ಗಜೇಂದ್ರಗಡ, ರೋಣಗಳನ್ನೊಳಗೊಂಡ ಈ ನಾಡು ಒಂದು ಕಾಲದಲ್ಲಿ ಮಾನ್ಯಖೇಟದ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ಸಮೀಪದ ನರೇಗಲ್ಲಿನಲ್ಲಿ ಕ್ರಿ. ಶ. 950ರಲ್ಲಿ ಗಂಗ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಬಸದಿಯು ಆ ಯುಗದ ಧರ್ಮಶ್ರದ್ಧೆಗೆ ಸಾಕ್ಷಿ. ಅದೇ ರಾಷ್ಟ್ರಕೂಟರ ಆಶ್ರಯದಲ್ಲಿ, ಅದಕ್ಕೂ ಒಂದು ಶತಮಾನದ ಹಿಂದೆ, ಕಲ್ಲಿನಲ್ಲಲ್ಲದೆ ಅಂಕಿಗಳಲ್ಲಿ ಒಂದು ಸ್ಮಾರಕವನ್ನು ನಿರ್ಮಿಸಿದ ಮಹನೀಯರು ಮಹಾವೀರಾಚಾರ್ಯರು.

ಕ್ರಿ. ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲವು ಜೈನ ವಿದ್ವತ್ತಿನ ಸುವರ್ಣಕಾಲ. ವೀರಸೇನಾಚಾರ್ಯರು 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯಲ್ಲಿ, ಒಂದು ರಾಶಿಯನ್ನು ಎಷ್ಟು ಸಲ ಅರ್ಧಿಸಬಹುದೆಂಬ ಅರ್ಧಚ್ಛೇದದ ವಿಚಾರವಿದೆ. ಅವರ ಶಿಷ್ಯರಾದ ಜಿನಸೇನಾಚಾರ್ಯರು ಅರಸನಿಗೆ ಗುರುಗಳಾಗಿದ್ದರು. ಜೀವಾದಿ ದ್ರವ್ಯಗಳ ಪ್ರಮಾಣವನ್ನೂ ದ್ವೀಪ ಸಮುದ್ರಗಳ ವಿಸ್ತಾರವನ್ನೂ ಅರಿಯಲು ಗಣಿತ ಬೇಕೇ ಬೇಕೆಂಬ ಈ ಪರಂಪರೆಯಲ್ಲಿಯೇ ಸುಮಾರು 850ರಲ್ಲಿ ಗಣಿತಸಾರಸಂಗ್ರಹವು ಸಂಸ್ಕೃತದಲ್ಲಿ ರಚಿತವಾಯಿತು.

ಆಚಾರ್ಯರು ಗ್ರಂಥಾರಂಭದಲ್ಲಿ ಭಗವಾನ್ ಮಹಾವೀರರಿಗೆ ನಮಿಸಿ, ಅಮೋಘವರ್ಷನನ್ನು ಕೊಂಡಾಡಿದ್ದಾರೆ. ತಮ್ಮ ಕುಲ, ಜನ್ಮಸ್ಥಳಗಳ ಬಗೆಗೆ ಮಾತ್ರ ಏನನ್ನೂ ಹೇಳಿಕೊಂಡಿಲ್ಲ. ಅವರ ಜೀವನವೆಂದರೆ ಅವರ ಕೃತಿಯೇ. ಆರ್ಯಭಟ, ಬ್ರಹ್ಮಗುಪ್ತರಲ್ಲಿ ಗಣಿತವು ಜ್ಯೋತಿಷದ ಅಂಗವಾಗಿ ಬಂದಿದ್ದರೆ, ಇವರು ಅದನ್ನೇ ಸ್ವತಂತ್ರ ಶಾಸ್ತ್ರವಾಗಿ ನಿರೂಪಿಸಿದರು. ವ್ಯಾಪಾರ, ಪಾಕಶಾಸ್ತ್ರ, ಸಂಗೀತ, ವೈದ್ಯ, ವಾಸ್ತು ಮೊದಲಾದ ಎಲ್ಲೆಡೆಯೂ ಗಣಿತ ಬೇಕೆಂಬುದು ಅವರ ಅಭಿಪ್ರಾಯ.

ಅವರ ಹಿರಿಮೆಯನ್ನು ಸ್ಪಷ್ಟಪಡಿಸುವ ವಿಷಯ ‘ನಿರುದ್ಧ’. ಭಿನ್ನರಾಶಿಗಳನ್ನು ಕೂಡಿಸಲು ಛೇದಗಳನ್ನೆಲ್ಲ ಗುಣಿಸಿದರೆ ಸಂಖ್ಯೆಯು ವೃಥಾ ಬೆಳೆಯುತ್ತದೆ. ಅದಕ್ಕೆ ಬದಲಾಗಿ, ಛೇದಗಳ ಸಾಮಾನ್ಯ ಅಪವರ್ತನಗಳನ್ನು ಕಂಡುಹಿಡಿದು, ಅವುಗಳನ್ನೂ ಉಳಿದ ಭಾಗಲಬ್ಧಗಳನ್ನೂ ಗುಣಿಸಬೇಕೆಂದು ಆಚಾರ್ಯರು ವಿಧಿಸಿದರು. ಉದಾಹರಣೆಗೆ 12 ಮತ್ತು 18ರ ಗುಣಲಬ್ಧ 216. ಆದರೆ ಇವೆರಡಕ್ಕೂ ಸಾಮಾನ್ಯವಾದುದು 6. ಭಾಗಲಬ್ಧಗಳು 2 ಮತ್ತು 3. ಈ ಮೂರನ್ನು ಗುಣಿಸಿದರೆ 36 ಮಾತ್ರ. ಇಂದು ಶಾಲೆಯಲ್ಲಿ ಮಕ್ಕಳು ಕಲಿಯುವ ಲಘುತಮ ಸಾಮಾನ್ಯ ಅಪವರ್ತ್ಯವೇ ಇದು. ಭಾರತೀಯ ಗಣಿತದಲ್ಲಿ ಭಿನ್ನರಾಶಿಗಳ ಸಂಕಲನಕ್ಕೆ ಇದನ್ನು ಮೊದಲು ಬಳಸಿದವರು ಇವರೆಂದು ವಿದ್ವಾಂಸರು ಗುರುತಿಸಿದ್ದಾರೆ.

ಗುಣಾಕಾರವನ್ನು ಬೋಧಿಸುವಾಗ ಅವರು ಅಂಕಿಗಳ ಹಾರಗಳನ್ನೇ ಪೋಣಿಸಿದರು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇವು ಬರಿಯ ವಿನೋದವಲ್ಲ. 111111ನ್ನು 21ರಿಂದ ಭಾಗಿಸಿದರೆ 5291 ಬರುತ್ತದೆ. 5291ರ ವರ್ಗ 27994681, 21ರ ವರ್ಗ 441. ಹಾರದ ಸೊಬಗಿನ ಹಿಂದೆ ಅಪವರ್ತನಗಳ ದಾರವಿದೆ. ಇನ್ನು 139, 109 ಎರಡೂ ಅವಿಭಾಜ್ಯ ಸಂಖ್ಯೆಗಳು. ಒಂದನ್ನು ಬಿಟ್ಟರೆ 15151ನ್ನು ಬೇರೆ ಯಾವ ಜೋಡಿಯಾಗಿಯೂ ಒಡೆಯಲು ಬಾರದು.

ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂಬುದನ್ನೂ ಅವರು ಸ್ಪಷ್ಟವಾಗಿ ತಿಳಿಸಿದರು. ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವುದೆಂಬ ಅವರ ಮತವನ್ನು ಇಂದಿನ ಗಣಿತವು ಒಪ್ಪುವುದಿಲ್ಲ. ಅದರಿಂದ ಅವರ ಕೀರ್ತಿಗೆ ಕುಂದಿಲ್ಲ. ಕಠಿಣ ಪ್ರಶ್ನೆಯನ್ನು ಎದುರಿಸಿದವರ ಸಾಲಿನಲ್ಲಿ ಅವರಿದ್ದಾರೆ.

ಗ್ರಂಥವು ಕರ್ನಾಟಕದಾಚೆಗೂ ಹಬ್ಬಿತು. 11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಇದನ್ನು ತೆಲುಗಿಗೆ ತಂದನು. ಮುಂದೆ ಶತಮಾನಗಳ ಕಾಲ ಇದು ಹಸ್ತಪ್ರತಿಗಳಲ್ಲಿ ಉಳಿದುಬಂದಿತು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಮುದ್ರಿಸಿದ ಬಳಿಕ ಜಗತ್ತಿನ ವಿದ್ವಾಂಸರ ಗಮನ ಸೆಳೆಯಿತು. 1963ರಲ್ಲಿ ಸೊಲ್ಲಾಪುರದಿಂದ ಹಿಂದಿ ಅನುವಾದವೂ, 2000ದಲ್ಲಿ ಹೊಂಬುಜದಿಂದ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂದವು.

ನೃಪತುಂಗನ ಸಾಮ್ರಾಜ್ಯ ಅಳಿಯಿತು. ಮಾನ್ಯಖೇಟವು ಇಂದು ಮಳಖೇಡವೆಂಬ ಊರಾಗಿ ಉಳಿದಿದೆ. ಆದರೆ ಭಿನ್ನರಾಶಿಗಳನ್ನು ಕೂಡಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅರಿಯದೆಯೇ ನಿರುದ್ಧದ ಹಾದಿಯಲ್ಲಿ ನಡೆಯುತ್ತಾನೆ. ಜಿನಾಲಯಗಳನ್ನು ಕಟ್ಟಿ ಉಳಿಸುವ ಸಮಾಜವು ತನ್ನ ಮಕ್ಕಳಿಗೆ ಈ ಆಚಾರ್ಯರ ಹೆಸರನ್ನೂ ಹೇಳಿಕೊಟ್ಟರೆ, ಶಾಸ್ತ್ರದಾನವೆಂಬ ಹಿರಿಯ ದಾನ ಮುಂದುವರಿದಂತಾಗುತ್ತದೆ.